ಬಾರ್‌ಕೋಡ್ ಸ್ಕ್ಯಾನರ್ ಕೊಂಡರೆ ಸಾಲದು, ಮಾಲು ಒಳಗೆ ಬರುವಾಗಲೇ ಎಣಿಸಿ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ದಿನಸಿ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣ ನೋಡಿ, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಯ ಜಿಎಸ್‌ಟಿ ನೋಂದಣಿ ಮಿತಿ ದಾಟಿದೆ ಎಂದು ಇಲಾಖೆ ವಿವರಣೆ ಕೇಳಿತ್ತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಗಡಿಗಳ ಮುಂದೆ ಅಂಟಿಕೊಂಡವು. ಹಾಲು, ತರಕಾರಿಯಂಥ ವಿನಾಯಿತಿ ಸರಕು ಮಾತ್ರ ಮಾರುವವರು ತೆರಿಗೆ ಕಟ್ಟಬೇಕಿಲ್ಲ ಎಂಬ ಸ್ಪಷ್ಟನೆಯೂ ಬಂತು. ಆದರೆ ನಮ್ಮ ಅಂಗಡಿಗಳಲ್ಲಿ ಹೆಚ್ಚಿನವು ವಿನಾಯಿತಿ ಸರಕು, ತೆರಿಗೆಯ ಸರಕು ಎರಡನ್ನೂ ಮಾರುವ ಮಿಶ್ರ ವ್ಯಾಪಾರದವು. ನೋಂದಣಿ ಮಿತಿಗೆ ಎರಡೂ ಸೇರಿ ಲೆಕ್ಕವಾದರೂ ತೆರಿಗೆ ಬೀಳುವುದು ತೆರಿಗೆಯುಳ್ಳ ಸರಕಿನ ಮೇಲಷ್ಟೇ. ಬಂದ 50 ಲಕ್ಷದಲ್ಲಿ ಹಾಲಿನದೆಷ್ಟು, ಬಿಸ್ಕತ್ತಿನದೆಷ್ಟು ಎಂದು ಕೇಳಿದರೆ ತೋರಿಸಲು ಏನಿದೆ?

ಕೈಬರಹದ ಬಿಲ್ ಪುಸ್ತಕದಲ್ಲಿ ‘ಕಿರಾಣಿ – 640’ ಎಂದಷ್ಟೇ ಇರುತ್ತದೆ. ಕಂಪ್ಯೂಟರ್ ಇಟ್ಟ ಅಂಗಡಿಗಳಲ್ಲೂ ಎಷ್ಟೋ ಕಡೆ ಇದೇ ಪಾಡು. ಗಿರಾಕಿ ಕಾಯುತ್ತಿರುವಾಗ ಹೆಸರಿನ ಮೂರಕ್ಷರ ಹೊಡೆದು, ಪಟ್ಟಿಯಲ್ಲಿ ಹುಡುಕಿ, ಅಳತೆ ನೋಡಿ ಆರಿಸುವ ತಾಳ್ಮೆ ಗುಮಾಸ್ತನಿಗೆ ಇರುವುದಿಲ್ಲ. ‘ಇತರೆ’ ಎಂಬ ಐಟಂ ಒತ್ತಿ ಮೊತ್ತ ಹಾಕಿಬಿಡುತ್ತಾನೆ. ಸಂಜೆ ಗಲ್ಲಾಪೆಟ್ಟಿಗೆಯ ಹಣ ಸರಿಹೋಗುತ್ತದೆ, ಮಾಲಿನ ಲೆಕ್ಕ ಹಾಳಾಗುತ್ತದೆ. ಬಾರ್‌ಕೋಡ್ ಇರುವ ಕಡೆ ಈ ‘ಇತರೆ’ ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿ ಸರಿಯಾದ ಐಟಂ ಹಾಕುವುದೇ ಕಡಿಮೆ ಶ್ರಮದ ಕೆಲಸ.

ಬಾರ್‌ಕೋಡ್ ಎಂದೊಡನೆ ಎಲ್ಲರೂ ಹೇಳುವ ಲಾಭ ವೇಗ. ಸುಳ್ಳೇನಲ್ಲ. ಆದರೆ ಚಿಕ್ಕ ಅಂಗಡಿಯ ಸಾಲು ಈಗ ನಿಲ್ಲುವುದು ಬಿಲ್ಲಿನಲ್ಲಿ ಅಲ್ಲ, ಹಣ ಬಂತೆಂದು ಯುಪಿಐ ಪೆಟ್ಟಿಗೆ ಕೂಗುವ ತನಕ. ನಿಜವಾದ ಲಾಭ ರ್‍ಯಾಕಿನಲ್ಲಿದೆ: ಯಾವ ಮಾಲು ಎಷ್ಟಿದೆ, ಯಾವುದು ಓಡುತ್ತಿಲ್ಲ, ಯಾವುದರ ಅವಧಿ ಮುಗಿಯುತ್ತಿದೆ, ಯಾವುದು ಕಾಣೆಯಾಗುತ್ತಿದೆ. 100 ರೂಪಾಯಿ ಮಾಲಿನಲ್ಲಿ 8 ರೂಪಾಯಿ ಉಳಿಯುವ ವ್ಯಾಪಾರದಲ್ಲಿ ಒಂದು ಪೊಟ್ಟಣ ಕಾಣೆಯಾದರೆ, ಹೋದ 92 ರೂಪಾಯಿ ತುಂಬಿಕೊಳ್ಳಲು ಇನ್ನೂ ಹನ್ನೆರಡು ಪೊಟ್ಟಣ ಮಾರಬೇಕು. ಈ ಲಾಭ ಕೈಗೆ ಬರಬೇಕಾದರೆ ಸ್ಕ್ಯಾನರ್ ಕೊಳ್ಳುವುದು ಕೆಲಸದ ಅತಿ ಸಣ್ಣ ಭಾಗ. ಅದನ್ನು ಕೊಂಡು ಆರು ತಿಂಗಳಲ್ಲಿ ಡ್ರಾಯರಿಗೆ ಹಾಕಿದ ಅಂಗಡಿಗಳು ಚಿಕ್ಕಪೇಟೆಯಿಂದ ಯಶವಂತಪುರದವರೆಗೆ ಸಿಗುತ್ತವೆ. ಕಾರಣಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಪತ್ರ.

ಮೊದಲು ಒಂದು ತಪ್ಪು ತಿಳಿವಳಿಕೆ. ಪೊಟ್ಟಣದ ಮೇಲಿನ ಗೆರೆಗಳಲ್ಲಿ ಬೆಲೆ ಅಡಗಿರುವುದಿಲ್ಲ. ಅಲ್ಲಿರುವುದು 13 ಅಂಕಿಯ ಒಂದು ಸಂಖ್ಯೆ ಮಾತ್ರ. ಹೆಸರು, ಬೆಲೆ, ತೆರಿಗೆ ದರ ಎಲ್ಲ ಇರುವುದು ಅಂಗಡಿಯ ಕಂಪ್ಯೂಟರಿನ ಐಟಂ ಪಟ್ಟಿಯಲ್ಲಿ. ನಮ್ಮವರು ಮಾಸ್ಟರ್ ಎನ್ನುವುದು ಅದನ್ನೇ. ಸಂಖ್ಯೆಯ ಮೊದಲ 890 ಎಂದರೆ ಆ ಕಂಪನಿ ಬಾರ್‌ಕೋಡ್ ಸಂಖ್ಯೆ ಕೊಡುವ ಜಿಎಸ್1 ಇಂಡಿಯಾ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿದೆ ಎಂದಷ್ಟೇ ಅರ್ಥ. ಮಾಲು ಇಲ್ಲೇ ತಯಾರಾಯಿತು ಎಂದಲ್ಲ. ಅಂಕಿ ನೋಡಿ ಚೀನಾ ಮಾಲು ಪತ್ತೆ ಹಚ್ಚಿ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ವರ್ಷಕ್ಕೊಮ್ಮೆ ಸುತ್ತು ಹೊಡೆಯುತ್ತಲೇ ಇದೆ. ಅದನ್ನು ನಂಬಬೇಕಿಲ್ಲ. ತಂತ್ರವೂ ಹೊಸದಲ್ಲ. ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ 1974ರ ಜೂನ್ 26ರಂದು ಒಂದು ಚ್ಯೂಯಿಂಗ್ ಗಮ್ ಪೊಟ್ಟಣ ಹೀಗೆ ಮೊದಲು ಸ್ಕ್ಯಾನ್ ಆಯಿತು.

ಆ 13 ಅಂಕಿಗಳಲ್ಲಿ ಕೊನೆಯದು ಕಾವಲು ಅಂಕಿ. ಉದಾಹರಣೆಗೆ 890123456789 ಎಂಬ ಹನ್ನೆರಡು ಅಂಕಿ ತೆಗೆದುಕೊಳ್ಳಿ. ಬೆಸ ಸ್ಥಾನದ ಅಂಕಿಗಳ ಮೊತ್ತ 28. ಸಮ ಸ್ಥಾನದವುಗಳ ಮೊತ್ತ 34, ಅದರ ಮೂರು ಪಟ್ಟು 102. ಎರಡೂ ಸೇರಿ 130. ಇದನ್ನು ಮುಂದಿನ ಹತ್ತರ ಗುಣಕಕ್ಕೆ ಏರಿಸಲು ಬೇಕಾದದ್ದು 0, ಅದೇ ಹದಿಮೂರನೆಯ ಅಂಕಿ. ಯಾವುದೇ ಒಂದು ಅಂಕಿ ತಪ್ಪಾದರೂ ಈ ಲೆಕ್ಕ ಕೂಡುವುದಿಲ್ಲ, ಸ್ಕ್ಯಾನರ್ ಸದ್ದು ಮಾಡುವುದಿಲ್ಲ. ಪಕ್ಕಪಕ್ಕದ ಅಂಕಿ ಅದಲುಬದಲಾದರೂ ಬಹುಪಾಲು ಸಿಕ್ಕಿಬೀಳುತ್ತದೆ. 2 ಮತ್ತು 7ರ ಹಾಗೆ ವ್ಯತ್ಯಾಸ ಸರಿಯಾಗಿ 5 ಇದ್ದಾಗ ಮಾತ್ರ ತಪ್ಪಿಸಿಕೊಳ್ಳುತ್ತದೆ. ಕೈಯಲ್ಲಿ ಟೈಪಿಸುವ ‘ಎಸ್‌ಬಿ250’ ತರಹದ ಅಂಗಡಿ ಕೋಡುಗಳಿಗೆ ಇಂಥ ಕಾವಲು ಇಲ್ಲ. 250ರ ಬದಲು 205 ಹೊಡೆದಾಗ ಆ ಕೋಡಿನ ಇನ್ನೊಂದು ಐಟಂ ಇದ್ದರೆ ಅದೇ ಬಿಲ್ಲಿಗೆ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಗೆರೆ ಹರಿದುಹೋದ ಪೊಟ್ಟಣದ ಸಂಖ್ಯೆಯನ್ನು ಕೈಯಲ್ಲಿ ಹೊಡೆಯುವಾಗಲೂ ಸಾಫ್ಟ್‌ವೇರ್ ಈ ಕಾವಲು ಲೆಕ್ಕ ಮಾಡುತ್ತದೆಯೇ ಎಂದು ಕೊಳ್ಳುವ ಮುಂಚೆ ಕೇಳಿ.

ಇನ್ನು ಮಾಸ್ಟರ್. ಇಲ್ಲಿ ಕೆಟ್ಟರೆ ಮುಂದೆ ಎಲ್ಲವೂ ಕೆಡುತ್ತದೆ. ಕೈಯಿಂದ ನಮೂದಿಸಿಕೊಂಡು ಬಂದ ಪಟ್ಟಿಯಲ್ಲಿ ‘ಸಕ್ಕರೆ 1 ಕೆಜಿ’, ‘ಶುಗರ್ 1 ಕೆಜಿ’, ‘ಸಕ್ರೆ 1’ ಎಂದು ಒಂದೇ ಮಾಲು ಮೂರು ಹೆಸರಿನಲ್ಲಿ ಕೂತಿರುತ್ತದೆ. ಖರೀದಿ ಒಂದರಲ್ಲಿ, ಮಾರಾಟ ಇನ್ನೊಂದರಲ್ಲಿ. ಒಂದರ ದಾಸ್ತಾನು ಮೈನಸ್ ಆದರೆ ಇನ್ನೊಂದು ಬೆಳೆಯುತ್ತಲೇ ಹೋಗುತ್ತದೆ. ಬಾರ್‌ಕೋಡ್ ಜೋಡಿಸುವ ಮುಂಚೆ ಇವನ್ನು ಒಂದಾಗಿಸಲೇಬೇಕು. ಹೆಸರಿಡಲು ಒಂದು ಕ್ರಮ ಸಾಕು: ಮೊದಲು ಬ್ರ್ಯಾಂಡ್, ಆಮೇಲೆ ಬಗೆ, ಆಮೇಲೆ ಅಳತೆ. ಪ್ರತಿ ಐಟಂಗೂ ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆಗಾಗಿ ಸರಕಿನ ಬಗೆ ಗುರುತಿಸುವ ಸಂಖ್ಯೆ), ತೆರಿಗೆ ದರ, ಖರೀದಿ ಘಟಕ, ಮಾರಾಟ ಘಟಕ ತುಂಬಿ. ವಿನಾಯಿತಿಯ ಮಾಲಿಗೆ ದರದ ಜಾಗ ಖಾಲಿ ಬಿಡಬೇಡಿ, ಸೊನ್ನೆ ಎಂದು ಬರೆಯಿರಿ. ಖಾಲಿ ಬಿಟ್ಟಿದ್ದು ಮರೆವೋ ವಿನಾಯಿತಿಯೋ ಎಂದು ವರ್ಷದ ಕೊನೆಗೆ ಲೆಕ್ಕಿಗರಿಗೂ ಗೊತ್ತಾಗುವುದಿಲ್ಲ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಬಳಸುವವರು ಐಟಂನ ಅಲಿಯಾಸ್ (ಇನ್ನೊಂದು ಹೆಸರು) ಜಾಗದಲ್ಲಿ ಬಾರ್‌ಕೋಡ್ ಸಂಖ್ಯೆ ಹಾಕಿದರೂ ಸಾಕು, ಸ್ಕ್ಯಾನ್ ಮಾಡಿದಾಗ ಆ ಐಟಂ ಬರುತ್ತದೆ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವವರಿಗೆ ಒಂದು ಎಚ್ಚರಿಕೆ. 13 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ 8.90ಇ+12 ಎಂದು ಚಿಕ್ಕದಾಗಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿ (ಬೇರೆ ಸಾಫ್ಟ್‌ವೇರಿಗೆ ಹಾಕಲು ಬಳಸುವ ಸಾದಾ ಪಟ್ಟಿ) ಫೈಲಾಗಿ ಉಳಿಸಿದರೆ ಹಿಂದಿನ ಅಂಕಿಗಳು ಸೊನ್ನೆಯಾಗಿ ಹೋಗುತ್ತವೆ, ನೂರಾರು ಐಟಂಗಳಿಗೆ ಒಂದೇ ಸಂಖ್ಯೆ ಕೂರುತ್ತದೆ. ಮುಂದೆ ಸೊನ್ನೆಯಿರುವ ಸಂಖ್ಯೆಗಳು ಸೊನ್ನೆ ಕಳೆದುಕೊಳ್ಳುತ್ತವೆ. ಸ್ಕ್ಯಾನ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಿ. ಆಮೇಲೆ ಬದಲಿಸಿದರೆ ಹೋದ ಅಂಕಿ ಮರಳುವುದಿಲ್ಲ, ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಬೇಕು.

ಮುಂದಿನದು ಮಾಲು ಒಳಬರುವ ಹಂತ. ಹೆಚ್ಚಿನ ಅಂಗಡಿಗಳು ಎಡವುವುದು ಇಲ್ಲೇ. ಕೌಂಟರಿನಲ್ಲಿ ಮಾತ್ರ ಸ್ಕ್ಯಾನ್ ಮಾಡಿ, ಒಳಬಂದ ಮಾಲನ್ನು ಡಿಸ್ಟ್ರಿಬ್ಯೂಟರ್ ಬಿಲ್ ನೋಡಿ ರಾತ್ರಿ ಟೈಪ್ ಮಾಡಿದರೆ, ಕಾಗದದಲ್ಲಿದ್ದದ್ದು ಕಂಪ್ಯೂಟರಿಗೆ ಬರುತ್ತದೆಯೇ ಹೊರತು ಬಾಗಿಲಿಗೆ ಬಂದದ್ದಲ್ಲ. ಮಾಲು ಇಳಿಸಿದ ಕೂಡಲೇ, ಮಾಲು ತಂದ ಲೈನ್ ಹುಡುಗ ಇನ್ನೂ ನಿಂತಿರುವಾಗಲೇ ಸ್ಕ್ಯಾನ್ ಮಾಡಿ ಬಿಲ್ಲಿಗೆ ತಾಳೆ ನೋಡಬೇಕು. ಕಡಿಮೆ ಬಂದದ್ದು, ಒಡೆದದ್ದು, ಅವಧಿ ಹತ್ತಿರ ಬಂದದ್ದು ಆಗಲೇ ಬಿಲ್ಲಿನ ಮೇಲೆ ಬರೆದರೆ ಆ ಹಣ ಕಡಿತಗೊಳಿಸುವ ಕ್ರೆಡಿಟ್ ನೋಟ್ ಸಿಗುತ್ತದೆ. ಗಾಡಿ ಹೋದ ಮೇಲೆ ಫೋನ್ ಮಾಡಿದರೆ ವಾದವೇ ಗತಿ.

ಇಲ್ಲಿ ಎರಡು ಮೋಸದ ಜಾಗಗಳಿವೆ. ಒಂದು, ಡಬ್ಬದ ಮೇಲಿನ ಕೋಡ್. 48 ಸೋಪಿನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 14 ಅಂಕಿಯ ಬೇರೆಯೇ ಸಂಖ್ಯೆ ಇರುತ್ತದೆ. ಅದರ ಮೊದಲ ಅಂಕಿ ಪ್ಯಾಕಿಂಗ್ ಹಂತ ಸೂಚಿಸುತ್ತದೆ. ಅದನ್ನು ಬಿಡಿ ಸೋಪಿನ ಐಟಂಗೆ ಹಾಗೆಯೇ ಜೋಡಿಸಿದರೆ 48 ಬಂದರೂ 1 ಎಂದೇ ದಾಖಲಾಗುತ್ತದೆ. ಪೆಟ್ಟಿಗೆಯ ಕೋಡಿಗೆ ‘1 ಪೆಟ್ಟಿಗೆ = 48 ಬಿಡಿ’ ಎಂದು ಮಾಸ್ಟರಿನಲ್ಲೇ ಬರೆದಿರಬೇಕು. ಎರಡು, ಸ್ಕೀಮ್ ಮಾಲು. ಹತ್ತಕ್ಕೆ ಒಂದು ಉಚಿತ ಎಂದಾಗ ಬಿಲ್ಲಿನಲ್ಲಿ 10ರ ಬೆಲೆ ಇರುತ್ತದೆ, ರ್‍ಯಾಕಿಗೆ 11 ಹೋಗುತ್ತದೆ. 10 ಎಂದು ನಮೂದಿಸಿದರೆ ಹನ್ನೊಂದನೆಯದು ಮಾರಿದ ದಿನ ದಾಸ್ತಾನು ಮೈನಸ್. ಅದಕ್ಕಿಂತ ಕೆಟ್ಟದ್ದೆಂದರೆ ಅದೊಂದು ಲೆಕ್ಕಕ್ಕಿಲ್ಲದ ಪೊಟ್ಟಣವಾಗುತ್ತದೆ, ಯಾರ ಚೀಲಕ್ಕೆ ಹೋದರೂ ಕೇಳುವವರಿಲ್ಲ. 11 ಎಂದೇ ಒಳಗೆ ತೆಗೆದುಕೊಂಡು, 10ರ ಮೊತ್ತವನ್ನು 11ರ ಮೇಲೆ ಹಂಚಿ ಬಿಡಿಯ ಖರೀದಿ ಬೆಲೆ ಕಂಡುಹಿಡಿಯಬೇಕು.

ಕೌಂಟರಿನ ತಪ್ಪುಗಳೂ ಗೊತ್ತಿರುವಂಥವೇ. ಗಿರಾಕಿ ನಾಲ್ಕು ಸೋಪು ತರುತ್ತಾರೆ: ಎರಡು ಗಂಧದ್ದು, ಒಂದು ಗುಲಾಬಿ, ಒಂದು ಬೇವು. ಬೆಲೆ ಒಂದೇ ಎಂದು ಗುಮಾಸ್ತ ಗಂಧದ್ದನ್ನೇ ಸ್ಕ್ಯಾನ್ ಮಾಡಿ ‘4’ ಒತ್ತುತ್ತಾನೆ. ಹಣದಲ್ಲಿ ವ್ಯತ್ಯಾಸವಿಲ್ಲ. ಆದರೆ ಗಂಧದ ಸೋಪು ಮುಗಿಯಿತು ಎಂದು ಕಂಪ್ಯೂಟರ್ ಆರ್ಡರ್ ಕೇಳುತ್ತದೆ, ಬೇವಿನದು ತುಂಬಿದೆ ಎನ್ನುತ್ತದೆ, ರ್‍ಯಾಕ್ ಖಾಲಿ. ಒಂದೊಂದನ್ನೂ ಬೇರೆಯಾಗಿ ತೋರಿಸಬೇಕು. ಸಂಖ್ಯೆಯಿಂದ ಗುಣಿಸುವುದು ಒಂದೇ ಕೋಡಿನ ಮಾಲಿಗೆ ಮಾತ್ರ. ಇನ್ನೊಂದು: ‘ಬೀಪ್’ ಬಂತೆಂದರೆ ಬಿಲ್ಲಿಗೆ ಸೇರಿತು ಎಂದಲ್ಲ. ಸ್ಕ್ಯಾನರ್ ಗೆರೆ ಓದಿದ್ದಕ್ಕೆ ಸದ್ದು ಮಾಡುತ್ತದೆ, ಸಾಫ್ಟ್‌ವೇರ್ ಒಪ್ಪಿದ್ದಕ್ಕಲ್ಲ. ತಂತಿಯ ಸ್ಕ್ಯಾನರ್ ಕಂಪ್ಯೂಟರಿನ ಪಾಲಿಗೆ ಒಂದು ಕೀಬೋರ್ಡ್ ಅಷ್ಟೇ. ಕರ್ಸರ್ ಮೊಬೈಲ್ ಸಂಖ್ಯೆಯ ಜಾಗದಲ್ಲಿದ್ದರೆ 13 ಅಂಕಿ ಅಲ್ಲಿ ಬೀಳುತ್ತದೆ. ಪರಿಮಾಣದ ಜಾಗದಲ್ಲಿದ್ದರೆ ಬಿಲ್ ಕೋಟಿ ದಾಟುತ್ತದೆ. ಆದ್ದರಿಂದ ಕಣ್ಣು ಪರದೆಯ ಮೇಲಿರಬೇಕು. ಪರಿಮಾಣ 999 ದಾಟಿದರೆ ತಡೆಯುವ ಮಿತಿಯನ್ನು ಸಾಫ್ಟ್‌ವೇರಿನಲ್ಲಿ ಹಾಕಿಸಿಕೊಳ್ಳಿ. ಪ್ರತಿ ಸ್ಕ್ಯಾನಿನ ನಂತರ ಎಂಟರ್ ಒತ್ತಬೇಕಾಗಿ ಬಂದರೆ ಸ್ಕ್ಯಾನರಿನೊಂದಿಗೆ ಬರುವ ಕೈಪಿಡಿಯಲ್ಲಿ ಅದಕ್ಕೊಂದು ಸೆಟ್ಟಿಂಗ್ ಕೋಡ್ ಇರುತ್ತದೆ, ಅದನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ಮುಗಿಯಿತು.

ನಮ್ಮ ಕಡೆಯದೇ ಆದ ಒಂದು ತೊಂದರೆಯೂ ಇದೆ. ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಸ್ಕ್ಯಾನ್ ಮಾಡಿದರೆ ಕೋಡಿನ ಇಂಗ್ಲಿಷ್ ಅಕ್ಷರಗಳು ಕನ್ನಡ ಅಕ್ಷರಗಳಾಗಿ ಬರುತ್ತವೆ, ಐಟಂ ಸಿಗುವುದಿಲ್ಲ, ‘ಸ್ಕ್ಯಾನರ್ ಕೆಟ್ಟಿದೆ’ ಎಂದು ಅಂಗಡಿಗೆ ವಾಪಸ್ ಹೋಗುತ್ತದೆ. ಇದಕ್ಕೆ ಹೆದರಿ ಕನ್ನಡವನ್ನೇ ಬಿಡಬೇಡಿ. ಐಟಂ ಹೆಸರನ್ನು ಮಾಸ್ಟರಿನಲ್ಲಿ ಒಮ್ಮೆ ಕನ್ನಡದಲ್ಲಿ ಬರೆದಿಟ್ಟರೆ ಮುಂದೆ ಟೈಪ್ ಮಾಡುವ ಪ್ರಮೇಯವೇ ಇಲ್ಲ, ಬಿಲ್ ತಾನಾಗಿಯೇ ಕನ್ನಡದಲ್ಲಿ ಬರುತ್ತದೆ. ಸಾಫ್ಟ್‌ವೇರ್ ಯೂನಿಕೋಡ್, ಅಂದರೆ ಕನ್ನಡವೂ ಸೇರಿ ಎಲ್ಲ ಲಿಪಿಗಳ ಅಕ್ಷರ ಸಂಕೇತ ಒಪ್ಪಬೇಕು. ಅಗ್ಗದ ಬಿಲ್ ಪ್ರಿಂಟರುಗಳಲ್ಲಿ ಕನ್ನಡ ಅಕ್ಷರ ಇಲ್ಲದಿದ್ದರೆ ಚಿತ್ರದ ರೂಪದಲ್ಲಿ ಮುದ್ರಿಸುವ ಸೌಲಭ್ಯ ಇರಬೇಕು. ಕೈಯಿಂದ ನಮೂದಿಸುವಾಗ ಕನ್ನಡ ಬಿಲ್ ಕಷ್ಟ ಎನ್ನುವ ನೆಪವಿತ್ತು. ಸ್ಕ್ಯಾನಿಂಗ್ ಆ ನೆಪವನ್ನು ತೆಗೆದುಹಾಕಿದೆ. ಬೇರೆ ರಾಜ್ಯದಿಂದ ಬಂದು ಮಾಲಿನ ಹೆಸರೂ ಬೆಲೆಯೂ ಗೊತ್ತಿಲ್ಲದ ಹುಡುಗನೂ ಅದೇ ಕೌಂಟರಿನಲ್ಲಿ ಮೊದಲ ದಿನವೇ ಕೂರಬಹುದು.

ಎಂಆರ್‌ಪಿ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಒಂದೇ ಬಾರ್‌ಕೋಡಿನ ಮಾಲು ಎರಡು ಮೂರು ಎಂಆರ್‌ಪಿಯಲ್ಲಿ ಏಕಕಾಲಕ್ಕೆ ರ್‍ಯಾಕಿನಲ್ಲಿರುವುದು ಸಾಮಾನ್ಯ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಇದರ ಬಿಸಿ ಎಲ್ಲರಿಗೂ ತಟ್ಟಿತು. ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಶೇ 18ರಿಂದ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ, ಕುರುಕಲು ತಿಂಡಿ ಶೇ 12ರಿಂದ 5ಕ್ಕೆ. ಪ್ಯಾಕೆಟ್ ಪನೀರ್ ಸೊನ್ನೆಗೆ. ಎಚ್‌ಎಸ್‌ಎನ್ ಸಂಖ್ಯೆ ತುಂಬಿದ ಮಾಸ್ಟರ್ ಇದ್ದವರು ಆ ಗುಂಪುಗಳನ್ನು ಆರಿಸಿ ದರ ಬದಲಿಸಿದರು. ಇಲ್ಲದವರು ಒಂದೊಂದು ಐಟಂ ತೆರೆದು ತಿದ್ದಬೇಕಾಯಿತು. ಆದರೆ ಬಾರ್‌ಕೋಡ್ ಇದ್ದವರಿಗೂ ಹಳೆ ಎಂಆರ್‌ಪಿ, ಹೊಸ ಎಂಆರ್‌ಪಿ ಗೊಂದಲ ತಪ್ಪಲಿಲ್ಲ, ಏಕೆಂದರೆ ಕೋಡ್ ಬದಲಾಗಿರಲಿಲ್ಲ. ಒಂದು ಕೋಡಿಗೆ ಹಲವು ಎಂಆರ್‌ಪಿ ಇಟ್ಟುಕೊಂಡು, ಸ್ಕ್ಯಾನ್ ಮಾಡಿದಾಗ ‘ಯಾವುದು?’ ಎಂದು ಕೇಳುವ ಸಾಫ್ಟ್‌ವೇರ್ ಬೇಕು. ಹಾಗೆ ಕೇಳಿದಾಗ ಗುಮಾಸ್ತ ಮೊದಲ ಸಾಲನ್ನೇ ಒತ್ತುವ ಅಭ್ಯಾಸ ಮಾಡಿಕೊಳ್ಳುತ್ತಾನೆ. ಅದಕ್ಕೆ ಮದ್ದು ಒಂದೇ: ಹಳೆ ದರದ ಮಾಲನ್ನು ಮುಂದಿಟ್ಟು ಬೇಗ ಖಾಲಿ ಮಾಡಿ, ದಾಸ್ತಾನು ಸೊನ್ನೆಯಾದ ದಿನ ಆ ಎಂಆರ್‌ಪಿ ಸಾಲನ್ನು ಮುಚ್ಚುವುದು.

ಕೋಡ್ ಇಲ್ಲದ ಮಾಲಿಗೆ ನಾವೇ ಲೇಬಲ್ ಅಂಟಿಸಬೇಕು. ಅಂಗಡಿಯೊಳಗಷ್ಟೇ ಬಳಸುವ ಸಂಖ್ಯೆಗೆ ಎಲ್ಲೂ ನೋಂದಣಿ ಬೇಡ. ಸೂಪರ್ ಮಾರ್ಕೆಟ್ಟಿಗೋ ಆನ್‌ಲೈನಿಗೋ ಉಪ್ಪಿನಕಾಯಿ, ಸಾಂಬಾರ್ ಪುಡಿ ಕಳಿಸುವ ತಯಾರಕರು ಮಾತ್ರ ಜಿಎಸ್1 ಇಂಡಿಯಾದಿಂದ ಸಂಖ್ಯೆ ಪಡೆಯಬೇಕು. 890 ಹಾಕಿ ಮನಸ್ಸಿಗೆ ಬಂದದ್ದು ಬರೆದರೆ ಅದು ಬೇರೊಬ್ಬರ ಮಾಲಿನ ಸಂಖ್ಯೆಯಾಗಿರಬಹುದು. ಅಂಗಡಿಯ ಸ್ವಂತ ಸಂಖ್ಯೆಗೆ ಕೋಡ್ 128 ಎಂಬ ಬಗೆ ಒಳ್ಳೆಯದು, ಅದರಲ್ಲೂ ಬರೀ ಅಂಕಿ, ಅದೂ ಎಂಟು ಅಂಕಿ. ಕಾರಣ ಸರಳ ಗಣಿತ. ಈ ಬಗೆಯಲ್ಲಿ ಎರಡೆರಡು ಅಂಕಿ ಒಂದೊಂದು ಗುಂಪಾಗಿ ಕೂರುತ್ತವೆ, ಅಕ್ಷರವಾದರೆ ಒಂದೊಂದಕ್ಕೂ ಒಂದು ಗುಂಪು ಬೇಕು. ಎಂಟು ಅಂಕಿಗೆ ಎರಡು ಬದಿಯ ಖಾಲಿ ಜಾಗವೂ ಸೇರಿ 99 ಗೆರೆ-ಅಗಲ (ಅತಿ ತೆಳು ಗೆರೆಯ ಅಗಲವೇ ಒಂದು) ಸಾಕು. ಇಂಚಿಗೆ 203 ಚುಕ್ಕಿ (203 ಡಿಪಿಐ) ಹಾಕುವ ಮಾಮೂಲಿ ಪ್ರಿಂಟರಿನ ಒಂದು ಚುಕ್ಕಿ 0.125 ಮಿ.ಮೀ, ಎರಡು ಚುಕ್ಕಿಯ ಗೆರೆ ಎಂದರೆ 0.25 ಮಿ.ಮೀ. ಒಟ್ಟು 25 ಮಿ.ಮೀಗಿಂತ ಕಡಿಮೆ, 38 ಮಿ.ಮೀ ಅಗಲದ ಲೇಬಲ್ಲಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಬಣ್ಣ, ಅಳತೆ, ವರ್ಷ ಎಲ್ಲ ಸೇರಿಸಿ ಹದಿಮೂರು ಅಕ್ಷರದ ಕೋಡ್ ಮಾಡಿದರೆ 198 ಗೆರೆ-ಅಗಲ, ಸುಮಾರು 50 ಮಿ.ಮೀ ಬೇಕು, ಅದೇ ಲೇಬಲ್ಲಿಗೆ ಹಿಂಡಿದರೆ ಗೆರೆಗಳು ಚುಕ್ಕಿಗೆ ಹೊಂದದೆ ಓದಲಾಗದಂತಾಗುತ್ತವೆ. ವಿವರವೆಲ್ಲ ಮಾಸ್ಟರಿನಲ್ಲಿರಲಿ, ಗೆರೆಯಲ್ಲಿ ಸಂಖ್ಯೆ ಮಾತ್ರ ಸಾಕು. ಎರಡು ಬದಿಯ ಖಾಲಿ ಜಾಗವನ್ನು ಅಂಗಡಿಯ ಹೆಸರು ಹಾಕಲು ತಿನ್ನಬೇಡಿ. ‘ಸ್ಕ್ಯಾನ್ ಆಗುತ್ತಿಲ್ಲ’ ಎಂಬ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ.

ಲೇಬಲ್ ಕಾಗದದಲ್ಲಿ ಎರಡು ಜಾತಿ. ಶಾಯಿಯ ರಿಬ್ಬನ್ ಬೇಡದ, ಶಾಖಕ್ಕೇ ಕಪ್ಪಾಗುವ ಕಾಗದ ಅಗ್ಗ, ಆದರೆ ಬಿಸಿಲು ಬೀಳುವ ಶೋಕೇಸಿನಲ್ಲಿ ಕಪ್ಪಾಗುತ್ತದೆ ಅಥವಾ ಮಾಸುತ್ತದೆ. ವಾರದಲ್ಲಿ ಮಾರಿಹೋಗುವ ಮಾಲಿಗೆ ಅದು ಸಾಕು. ತಿಂಗಳುಗಟ್ಟಲೆ ಕೂರುವುದಕ್ಕೆ ರಿಬ್ಬನ್ ಮುದ್ರಣ ಬೇಕು. ಪ್ರಿಂಟರಿನ ಶಾಖ ಜಾಸ್ತಿ ಇಟ್ಟರೆ ಗೆರೆಗಳು ಉಬ್ಬಿ ಒಂದಕ್ಕೊಂದು ಅಂಟುತ್ತವೆ, ನೋಡಲು ಗಾಢವಾಗಿ ಚೆನ್ನಾಗಿರುತ್ತದೆ, ಸ್ಕ್ಯಾನರ್ ಓದುವುದಿಲ್ಲ. ಪ್ರತಿ ಲೇಬಲ್ಲಿನಲ್ಲೂ ಒಂದೇ ಕಡೆ ಉದ್ದಕ್ಕೆ ಬಿಳಿ ಗೆರೆ ಬರುತ್ತಿದ್ದರೆ ಪ್ರಿಂಟರಿನ ಹೆಡ್ (ಮುದ್ರಿಸುವ ಭಾಗ) ಮೇಲೆ ಅಂಟು ಕೂತಿದೆ. ಪ್ರಿಂಟರ್ ಆಫ್ ಮಾಡಿ, ತಣಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಬ್ಲೇಡ್ ಮುಟ್ಟಿಸಬೇಡಿ. ಒರೆಸಿದರೂ ಹೋಗದಿದ್ದರೆ ಹೆಡ್ಡಿನ ಚುಕ್ಕಿ ಸತ್ತಿದೆ.

ಬಣ್ಣದ ವಿಷಯವನ್ನು ಮನೆ ತಿಂಡಿ, ಮಸಾಲೆ ತಯಾರಕರು ಗಮನಿಸಬೇಕು. ಸ್ಕ್ಯಾನರಿನ ಬೆಳಕು ಸಾಮಾನ್ಯವಾಗಿ ಕೆಂಪು. ಕೆಂಪು ಗೆರೆ ಅದಕ್ಕೆ ಬಿಳಿಯಾಗಿಯೇ ಕಾಣುತ್ತದೆ. ಮೆಣಸಿನ ಪುಡಿ ಪ್ಯಾಕೆಟ್ಟಿಗೆ ಹೊಂದಲಿ ಎಂದು ಕೆಂಪಿನಲ್ಲಿ ಕೋಡ್ ಅಚ್ಚು ಹಾಕಿಸಿ ಇಡೀ ರೋಲ್ ದಂಡವಾಗುತ್ತದೆ. ಬಿಳಿಯ ಮೇಲೆ ಕಪ್ಪು, ಅಷ್ಟೇ. ಬೆಳ್ಳಿ ಫಾಯಿಲ್ ಮೇಲೆ ನೇರವಾಗಿ ಅಚ್ಚು ಹಾಕಬಾರದು, ಕೆಳಗೊಂದು ಬಿಳಿ ಪಟ್ಟಿ ಇರಲಿ. ಸಣ್ಣ ಬಾಟಲಿಗೆ ಅಂಟಿಸುವಾಗ ಬಾಟಲಿ ನಿಂತಿದ್ದರೆ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಕಾಣಬೇಕು. ಗೆರೆಗಳು ನೆಟ್ಟಗೆ ನಿಲ್ಲುವಂತೆ ಅಂಟಿಸಿದರೆ ಕೊನೆಯ ಗೆರೆಗಳು ಬಾಟಲಿಯ ಬಳುಕಿನಲ್ಲಿ ಮರೆಯಾಗುತ್ತವೆ. ಲೇಬಲ್ ಕಿತ್ತುಬರದಿರಲಿ ಎಂದು ಮೇಲೆ ಹೊಳೆಯುವ ಸೆಲೊ ಟೇಪ್ ಹಚ್ಚುವುದೂ ಬೇಡ.

ಚಿಕ್ಕಪೇಟೆ, ಮಾಮೂಲ್‌ಪೇಟೆಯ ಬಟ್ಟೆ ವ್ಯಾಪಾರದ ಲೆಕ್ಕ ಬೇರೆ. ಸಿದ್ಧ ಉಡುಪಿಗೆ ವಿನ್ಯಾಸ, ಬಣ್ಣ, ಅಳತೆ ಮೂರೂ ಸೇರಿದ ಒಂದೊಂದು ಜೋಡಿಗೆ ಒಂದು ಸಂಖ್ಯೆ. ಒಂದು ಶರ್ಟು 4 ಬಣ್ಣ, 5 ಅಳತೆಯಲ್ಲಿ ಬಂದರೆ 20 ಸಂಖ್ಯೆ ಬೇಕು. ‘ಶರ್ಟ್ 799’ ಎಂದು ಒಂದೇ ಸಂಖ್ಯೆ ಕೊಟ್ಟರೆ ಯಾವ ಅಳತೆ ಮುಗಿದಿದೆ ಎಂದು ಹುಡುಗ ಮೇಲಿನ ಅಟ್ಟ ಹತ್ತಿಯೇ ನೋಡಬೇಕು. ರೇಷ್ಮೆ ಸೀರೆಯಾದರೆ ಒಂದೊಂದು ಸೀರೆಗೂ ಅದರದೇ ಸಂಖ್ಯೆ. ಯಾವ ನೇಕಾರರಿಂದ ಎಂದು ಬಂತು, ಎಷ್ಟು ಕಾಲದಿಂದ ಮಡಿಕೆ ಬಿಚ್ಚದೆ ಕೂತಿದೆ ಎಂಬುದು ಹಾಗೆ ಮಾತ್ರ ಗೊತ್ತಾಗುತ್ತದೆ. ರೇಷ್ಮೆಗೆ ಸ್ಟಿಕ್ಕರ್ ಅಂಟಿಸಬೇಡಿ, ಗೋಂದು ಕಲೆ ಬೀಳುತ್ತದೆ. ದಪ್ಪ ಕಾಗದದ ಟ್ಯಾಗನ್ನು ದಾರದಲ್ಲಿ ಕಟ್ಟಿ, ಅದೇ ಸಂಖ್ಯೆಯ ಇನ್ನೊಂದನ್ನು ಡಬ್ಬದ ಮೇಲೆ ಅಂಟಿಸಿ. ಟ್ಯಾಗು ಒಂದು ಸೀರೆಯಿಂದ ಇನ್ನೊಂದಕ್ಕೆ ಹೋಗುವ ‘ಪವಾಡ’ಕ್ಕೆ ಆಗ ಅವಕಾಶ ಕಡಿಮೆ.

ತೂಕದ ಮಾಲಿಗೆ ಲೇಬಲ್ ಮುದ್ರಿಸುವ ತಕ್ಕಡಿಗಳಿವೆ. 20ರಿಂದ 29ರವರೆಗೆ ಶುರುವಾಗುವ 13 ಅಂಕಿಯ ಸಂಖ್ಯೆಗಳು ಅಂಗಡಿಯ ಒಳಬಳಕೆಗೇ ಮೀಸಲು. ಅದರಲ್ಲಿ ಐಟಂ ಸಂಖ್ಯೆಯ ಜೊತೆ ತೂಕವನ್ನೋ ಬೆಲೆಯನ್ನೋ ಕೂರಿಸಬಹುದು. ತಕ್ಕಡಿ ತೂಕ ಬರೆದು, ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ಬೆಲೆ ಎಂದು ಓದಿದರೆ 450 ಗ್ರಾಂ ಬೇಳೆ 450 ರೂಪಾಯಿ ಆಗುತ್ತದೆ. ಎರಡರ ಸೆಟ್ಟಿಂಗೂ ಒಂದೇ ಇದೆಯೇ ಎಂದು ಮೊದಲ ದಿನವೇ ನೋಡಿ. ಮೊಳೆ, ನಟ್ಟು, ಬೋಲ್ಟು ಮಾರುವ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿ ಮಾಲಿಗೆ ಲೇಬಲ್ ಅಸಾಧ್ಯ. ಡ್ರಾಯರಿನ ಮುಖಕ್ಕೆ ಕೋಡ್ ಅಂಟಿಸಿ, ಅದೇ ಕೋಡುಗಳ ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಕೌಂಟರಿನ ಮೇಲಿಟ್ಟರೆ ಕೆಲಸ ನಡೆಯುತ್ತದೆ. ಹೊಳಪಿಲ್ಲದ ಮ್ಯಾಟ್ ಹಾಳೆಯೇ ಇರಲಿ.

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಒಂದೆರಡು ಮಾತು. ಅಲ್ಲಿ ಎಣ್ಣೆ, ಕೂಲಂಟ್, ಶಾಖ ಇರುವುದರಿಂದ ಕಾಗದದ ಲೇಬಲ್ ನಿಲ್ಲುವುದಿಲ್ಲ. ಪಾಲಿಯೆಸ್ಟರ್ ಲೇಬಲ್, ರೆಸಿನ್ ರಿಬ್ಬನ್ ಬೇಕು. ಕೋಡ್ ಅಂಟಿಸಬೇಕಾದದ್ದು ಬಿಡಿಭಾಗದ ಮೇಲಲ್ಲ, ಟ್ರೇ ಮತ್ತು ಅದರ ಜೊತೆಗಿರುವ ಕೆಲಸದ ಚೀಟಿ, ಅಂದರೆ ಜಾಬ್ ಕಾರ್ಡಿನ ಮೇಲೆ. ಹೊರಗೆ ಪ್ಲೇಟಿಂಗಿಗೋ ಹೀಟ್ ಟ್ರೀಟ್‌ಮೆಂಟಿಗೋ ಜಾಬ್ ವರ್ಕ್ (ಹೊರಗಿನವರಿಂದ ಕೂಲಿಗೆ ಮಾಡಿಸುವ ಕೆಲಸ) ಮೇಲೆ ಕಳಿಸಿದ ಮಾಲು 1 ವರ್ಷದೊಳಗೆ ಮರಳಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ಮಾರಾಟವಾದಂತೆ ಎನ್ನುತ್ತದೆ ಜಿಎಸ್‌ಟಿ ಕಾಯ್ದೆ. 500 ಹೋಗಿ 320, ಆಮೇಲೆ 150 ಎಂದು ಕಂತಿನಲ್ಲಿ ಮರಳುವ ಮಾಲನ್ನು ಚಲನ್ ಪುಸ್ತಕದಲ್ಲಿ ಹಿಂಬಾಲಿಸುವುದು ಎಷ್ಟು ಕಷ್ಟ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಹೋಗುವಾಗಲೂ ಬರುವಾಗಲೂ ಚಲನ್ ಸ್ಕ್ಯಾನ್ ಆದರೆ ಉಳಿದ 30 ಎಲ್ಲಿ ಎಂಬ ಪ್ರಶ್ನೆ ಅದೇ ವಾರ ಏಳುತ್ತದೆ.

ಯಾವ ಸ್ಕ್ಯಾನರ್ ಕೊಳ್ಳಬೇಕು? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಬರೀ ಗೆರೆ ಓದುವ ತಂತಿಯ ಸ್ಕ್ಯಾನರ್ ಅಗ್ಗಕ್ಕೆ ಸಿಗುತ್ತದೆ. ಆದರೂ ಸ್ವಲ್ಪ ಹೆಚ್ಚು ಕೊಟ್ಟು ಕ್ಯೂಆರ್ ಕೂಡ ಓದುವುದನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡುಗಳ ಮೇಲೆ ಬ್ಯಾಚ್, ಅವಧಿ ಮುಂತಾದ ವಿವರವಿರುವ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯವಾಗಿದೆ. ಉಳಿದ ಸರಕಿನಲ್ಲೂ 2027ರ ಕೊನೆಯ ಹೊತ್ತಿಗೆ ಅಂಗಡಿಗಳು ಕ್ಯೂಆರ್ ತರಹದ ಚೌಕ ಕೋಡ್ ಓದುವಂತಾಗಬೇಕು ಎಂಬುದು ಜಿಎಸ್1ನ ಗುರಿ. ಕೊಳ್ಳುವಾಗ ಅಂಗಡಿಯ ಸುಕ್ಕಾದ ಚಿಪ್ಸ್ ಪೊಟ್ಟಣ, ಫ್ರಿಜ್ಜಿನ ತೇವದ ಹಾಲಿನ ಪ್ಯಾಕೆಟ್ಟು, ಒಂದು ಸಣ್ಣ ಬಾಟಲಿ ಜೊತೆಗೊಯ್ದು ಅಲ್ಲೇ ಪರೀಕ್ಷಿಸಿ. ಅಂಗಡಿಯವರು ತೋರಿಸುವ ಮಾದರಿ ಹಾಳೆಯನ್ನು ಎಲ್ಲ ಸ್ಕ್ಯಾನರೂ ಓದುತ್ತದೆ.

ಇಡೀ ಅಂಗಡಿಯನ್ನು ಒಂದೇ ರಾತ್ರಿ ಬದಲಿಸಲು ಹೋಗಬೇಡಿ. ಹೆಚ್ಚು ಓಡುವ 200 ಐಟಂಗಳಿಂದ ಶುರು ಮಾಡಿ, ಅವು ಸರಿಹೋದ ಮೇಲೆ ಉಳಿದವು. ಶುರುವಿನ ದಾಸ್ತಾನನ್ನು ಹಳೆ ಲೆಕ್ಕದಿಂದ ಎತ್ತಬೇಡಿ, ಅಂಗಡಿ ಮುಚ್ಚಿದ ಮೇಲೆ ಎಣಿಸಿಯೇ ಹಾಕಿ. ಆಮೇಲೆ ದಿನಕ್ಕೊಂದು ರ್‍ಯಾಕ್ ಎಣಿಸಿದರೆ ಸಾಕು. ಎಲ್ಲವನ್ನೂ ಒಟ್ಟಿಗೆ ಎಣಿಸುವ ಮಾರ್ಚ್ 31ರ ರಾತ್ರಿಯ ಜಾತ್ರೆ ತಪ್ಪುತ್ತದೆ, ತಪ್ಪು ಯಾವ ವಾರ, ಯಾವ ಪಾಳಿಯಲ್ಲಿ ಆಯಿತು ಎಂದೂ ತಿಳಿಯುತ್ತದೆ. ಒಡೆದದ್ದು, ಇಲಿ ತಿಂದದ್ದು, ಅವಧಿ ಮುಗಿದು ಡಿಸ್ಟ್ರಿಬ್ಯೂಟರಿಗೆ ಮರಳಿಸಿದ್ದು, ಮನೆಗೆ ಒಯ್ದದ್ದು ಎಲ್ಲವನ್ನೂ ಸ್ಕ್ಯಾನ್ ಮಾಡಿ ಹೊರಗೆ ಹಾಕಬೇಕು. ಮಾಲೀಕರು ಮನೆಗೆ ಒಯ್ಯುವ ಎಣ್ಣೆ ಪ್ಯಾಕೆಟ್ಟೇ ಎಷ್ಟೋ ಅಂಗಡಿಗಳ ‘ಕಳ್ಳತನ’ದ ಗುಟ್ಟು! ದಾಸ್ತಾನು ಮೈನಸ್ ಆದರೂ ಬಿಲ್ ಆಗಲಿ ಎಂಬ ಸೆಟ್ಟಿಂಗ್ ಶುರುವಿನ ತಿಂಗಳಿಗೆ ಬೇಕಾಗಬಹುದು, ಆದರೆ ಮೈನಸ್ ಆದ ಐಟಂಗಳ ಪಟ್ಟಿಯನ್ನು ಪ್ರತಿ ಸಂಜೆ ನೋಡಬೇಕು. ಬೆಸ್ಕಾಂ ಕರೆಂಟ್ ಹೋದರೆ ಯುಪಿಎಸ್, ಇಂಟರ್ನೆಟ್ ಹೋದರೂ ಬಿಲ್ ಮಾಡಬಲ್ಲ ಸಾಫ್ಟ್‌ವೇರ್ ಇರಲಿ.

ಎಲ್ಲರಿಗೂ ಇದು ಬೇಕು ಎಂದೇನೂ ಅಲ್ಲ. ನಲವತ್ತು ಐವತ್ತು ಬಗೆಯ ಮಾಲನ್ನು ಮಾಲೀಕರೇ ಕೂತು ಮಾರುವ ಅಂಗಡಿ, ತರಕಾರಿ ಗಾಡಿ, ಹೂವಿನ ವ್ಯಾಪಾರಕ್ಕೆ ಒತ್ತುಗುಂಡಿಯ ಬಿಲ್ ಯಂತ್ರವೇ ಸಾಕು. ವಿನಾಯಿತಿ ಮಾಲಿಗೊಂದು, ತೆರಿಗೆ ಮಾಲಿಗೊಂದು ಗುಂಡಿ ಬೇರೆ ಇಟ್ಟರೆ ಆಯಿತು.

ಕೊನೆಗೆ ನಿಮ್ಮ ಪತ್ರಿಕೆಯ ಮೂಲಕ ಎರಡು ಬೇಡಿಕೆ. ಪೊಟ್ಟಣದ ನಿವ್ವಳ ತೂಕ ಬದಲಾದರೆ ಹೊಸ ಸಂಖ್ಯೆ ಕೊಡಬೇಕೆಂಬುದು ಜಿಎಸ್1 ನಿಯಮ. ಬೆಲೆ ಹಾಗೇ ಇಟ್ಟು ತೂಕ ಇಳಿಸುವ ಕಂಪನಿಗಳು ಈ ನಿಯಮ ಮೀರಿದಾಗ, 100 ಗ್ರಾಂ ಹಳೆ ಪೊಟ್ಟಣವೂ 90 ಗ್ರಾಂ ಹೊಸದೂ ಅಂಗಡಿಯ ಲೆಕ್ಕದಲ್ಲಿ ಒಂದೇ ಆಗಿ, ಬಿಲ್ಲಿನಲ್ಲಿ ತಪ್ಪು ತೂಕ ಮುದ್ರಣವಾಗುತ್ತದೆ. ಗಿರಾಕಿ ಜಗಳಕ್ಕೆ ಬರುವುದು ಅಂಗಡಿಯವರ ಮೇಲೆ. ತೂಕ, ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆ ಪೊಟ್ಟಣ ತಪಾಸಣೆ ಮಾಡುವಾಗ ಇದನ್ನೂ ನೋಡಲಿ. ಇನ್ನೊಂದು, ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು ವ್ಯಾಪಾರಿಯ ಮಾಸ್ಟರ್ ಪಟ್ಟಿಯನ್ನು ಬಾರ್‌ಕೋಡ್ ಸಂಖ್ಯೆಗಳ ಸಮೇತ ಕೇಳಿದಾಗ ಫೈಲಾಗಿ ಕೊಡುವುದನ್ನು ಮಾರಾಟದ ಕರಾರಿನಲ್ಲೇ ಬರೆದುಕೊಡಬೇಕು. ಸದ್ಯಕ್ಕೆ ಸಾಫ್ಟ್‌ವೇರ್ ಬದಲಿಸಿದ ಅಂಗಡಿಗಳು ಸಾವಿರಾರು ಐಟಂಗಳನ್ನು ಮತ್ತೆ ಕೈಯಿಂದಲೇ ಟೈಪ್ ಮಾಡುತ್ತಿವೆ.

– ಅಂಗಡಿ, ಗೋದಾಮುಗಳಿಗೆ ಬಿಲ್ಲಿಂಗ್ ವ್ಯವಸ್ಥೆ ಜೋಡಿಸುವ ತಂತ್ರಜ್ಞರು, ರಾಜಾಜಿನಗರ, ಬೆಂಗಳೂರು